ರೇರಾ ನಂಬರ್ ಇದೆ ಅಂತ ಸಹಿ ಹಾಕಬೇಡಿ, ಪರವಾನಗಿ ಎಷ್ಟು ಮಹಡಿಗೆ ಅಂತ ಓದಿ

ಮುಂಬೈ ಹತ್ತಿರದ ಡೊಂಬಿವಲಿ, ಕಲ್ಯಾಣ, ವಸಯಿ, ನಾಲಾಸೋಪಾರಾ ಕಡೆ ಕಡಿಮೆ ಬೆಲೆಯ ಹೊಸ ಫ್ಲ್ಯಾಟ್ ಹುಡುಕುತ್ತಿರುವ ನಮ್ಮ ಕನ್ನಡದವರು ದಯವಿಟ್ಟು ಇದನ್ನು ಪೂರ್ತಿ ಓದಿ. ನಮ್ಮ ಮನೆ ಆರನೇ ಮಹಡಿಯಲ್ಲಿದೆ. ಆ ಕಟ್ಟಡಕ್ಕೆ ಪರವಾನಗಿ ಇರುವುದು ನಾಲ್ಕು ಮಹಡಿಗೆ.

ಡೊಂಬಿವಲಿ ಪೂರ್ವದಿಂದ ಶೇರ್ ರಿಕ್ಷಾದಲ್ಲಿ ಇಪ್ಪತ್ತು ನಿಮಿಷ ಒಳಗೆ ಹೋಗಬೇಕು. 2021ರಲ್ಲಿ ಕೊಂಡೆವು. ಅದಕ್ಕೂ ಮುಂಚೆ ಹತ್ತು ವರ್ಷ ಬಾಡಿಗೆ ಮನೆ. ಹನ್ನೊಂದು ತಿಂಗಳಿಗೊಮ್ಮೆ ಹೊಸ ಕರಾರು, ಮತ್ತೆ ಬ್ರೋಕರೇಜ್. ನನ್ನ ಗಂಡ ಮಾಟುಂಗಾದ ಒಂದು ಹೋಟೆಲಿನಲ್ಲಿ ಗಲ್ಲಾದಲ್ಲಿ ಕೂರುತ್ತಾರೆ. ನಾನು ಘಾಟ್ಕೋಪರ್‌ನಲ್ಲಿ ಲೆಕ್ಕ ಬರೆಯುತ್ತೇನೆ. ಇಬ್ಬರ ಸಂಬಳಕ್ಕೆ ಎಟುಕಿದ್ದು 26 ಲಕ್ಷದ ಒನ್ ಬಿಎಚ್‌ಕೆ.

ತೋರಿಸಿದ ಏಜೆಂಟ್ ನಮ್ಮ ಜಮಖಂಡಿ ಕಡೆಯವನೇ. "ಅಕ್ಕಾ, ರೇರಾ ನಂಬರ್ ಐತಿ. ಪಿಎಂ ಆವಾಸ್ ಸಬ್ಸಿಡಿ 2.67 ಲಕ್ಷ ಬರ್ತೈತಿ. ಇನ್ನೇನು ಬೇಕು?" ಅಂದ. ರೇರಾ ಅಂದರೆ ಮನೆ ಕೊಳ್ಳುವವರ ರಕ್ಷಣೆಗೆ ಇರುವ ರಿಯಲ್ ಎಸ್ಟೇಟ್ ಕಾನೂನು, ಅದರಡಿ ಬಿಲ್ಡರ್ ಮಾಡಿಸುವ ನೋಂದಣಿಯ ನಂಬರ್ ಅದು. ಮುಂಬೈಯಲ್ಲಿ ಊರ ಮಾತು ಕೇಳಿದರೆ ಮನಸ್ಸು ಕರಗುತ್ತದೆ, ಅಲ್ವಾ? ಅಗ್ರಿಮೆಂಟ್ ಆಗುವ ಮೊದಲೇ 5 ಲಕ್ಷ ಕೊಟ್ಟೆವು. ರೇರಾ ಕಾನೂನಿನ 13ನೇ ಕಲಮಿನ ಪ್ರಕಾರ ಅಗ್ರಿಮೆಂಟ್ ರಿಜಿಸ್ಟರ್ ಆಗದೆ ಬೆಲೆಯ ಶೇ. 10ಕ್ಕಿಂತ ಜಾಸ್ತಿ ತೆಗೆದುಕೊಳ್ಳುವಂತಿಲ್ಲ. ನಮ್ಮ ಲೆಕ್ಕದಲ್ಲಿ 2.6 ಲಕ್ಷ. ಅದು ಗೊತ್ತಾಗಿದ್ದು ಮೂರು ವರ್ಷ ಆದ ಮೇಲೆ.

ದೊಡ್ಡ ಬ್ಯಾಂಕ್ ಸಾಲ ಕೊಡಲಿಲ್ಲ. "ಕಾಗದ ಸಾಲದು" ಅಂದರು, ಅಷ್ಟೇ. ಬಿಲ್ಡರ್ ಕಡೆಯವರೇ ಒಂದು ಸಣ್ಣ ಫೈನಾನ್ಸ್ ಕಂಪನಿಯ ಬಳಿ ಕರೆದುಕೊಂಡು ಹೋದರು, ಬಡ್ಡಿ ಜಾಸ್ತಿ. ಬ್ಯಾಂಕಿನ ವಕೀಲರು ಯಾವ ಕಾಗದ ಸಾಲದು ಅಂದರು ಎಂದು ಆವತ್ತೇ ಕೂತು ಕೇಳಬೇಕಿತ್ತು. ನಮ್ಮ ಪುಣ್ಯಕ್ಕೆ ಯಾರೋ ಒಬ್ಬರು ಬೇಡ ಅಂದಿದ್ದರು, ನಾವು ಅದನ್ನು ಅಡ್ಡಿ ಅಂದುಕೊಂಡೆವು.

2023ರಲ್ಲಿ ಕೀ ಕೊಟ್ಟರು. ಓಸಿ, ಅಂದರೆ ವಾಸಕ್ಕೆ ಅನುಮತಿ ಕೊಡುವ ಪತ್ರ, ಇನ್ನೂ ಬಂದಿರಲಿಲ್ಲ. "ಫಿಟ್ ಔಟ್‌ಗೆ ಕೊಡ್ತಿದೀವಿ, ಪೀಠೋಪಕರಣ ಮಾಡಿಸಿಕೊಳ್ಳಿ, ಓಸಿ ಎರಡು ತಿಂಗಳಲ್ಲಿ ಬರುತ್ತೆ" ಅಂದರು. ಸಾಲದ ಕಂತು, ಬಾಡಿಗೆ ಎರಡೂ ಕಟ್ಟಲಾಗದೆ ನಾವು ಹೋಗಿ ವಾಸವೇ ಶುರು ಮಾಡಿದೆವು. ಮೇಲಿನ ಮೂರು ಮಹಡಿಯವರೆಲ್ಲ ಹಾಗೇ ಬಂದವರು. ನೀರು ಟ್ಯಾಂಕರಿನದು. ಸಬ್ಸಿಡಿ ಬರಲೇ ಇಲ್ಲ. ಆ ಬಡ್ಡಿ ಸಬ್ಸಿಡಿ ಯೋಜನೆ 2022ರ ಮಾರ್ಚ್‌ಗೇ ಮುಗಿದಿತ್ತು.

2024ರ ನವೆಂಬರ್‌ನಲ್ಲಿ ಬಾಂಬೆ ಹೈಕೋರ್ಟಿನ ಸುದ್ದಿ ಬಂತು. ಕಲ್ಯಾಣ-ಡೊಂಬಿವಲಿಯ 65 ಅಕ್ರಮ ಕಟ್ಟಡಗಳನ್ನು ಕೆಡವಿ ಎಂಬ ಆದೇಶ. ಅಲ್ಲಿ ನಡೆದದ್ದು ಏನೆಂದರೆ, ಪಾಲಿಕೆಯ ಹೆಸರಿನಲ್ಲಿ ನಕಲಿ ಪರವಾನಗಿ ತಯಾರಿಸಿ, ಅದನ್ನೇ ತೋರಿಸಿ ರೇರಾ ನಂಬರ್ ತೆಗೆದುಕೊಂಡಿದ್ದರು. ಜನ ನಂಬರ್ ನೋಡಿ ಮನೆ ಕೊಂಡಿದ್ದರು. ಎರಡೇ ತಿಂಗಳಿಗೆ, 2025ರ ಜನವರಿಯಲ್ಲಿ, ನಾಲಾಸೋಪಾರಾದ 41 ಅಕ್ರಮ ಕಟ್ಟಡಗಳಲ್ಲಿ ಉಳಿದಿದ್ದ 34ರ ಮೇಲೆ ಬುಲ್‌ಡೋಜರ್ ಬಂತು. ಟಿವಿಯಲ್ಲಿ ಗ್ಯಾಸ್ ಸಿಲಿಂಡರ್, ಮಕ್ಕಳ ಶಾಲೆ ಬ್ಯಾಗು ಬೀದಿಯಲ್ಲಿ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಮರುದಿನ ಮಹಾರೇರಾ, ಅಂದರೆ ಮಹಾರಾಷ್ಟ್ರದ ರೇರಾ ಪ್ರಾಧಿಕಾರದ ವೆಬ್‌ಸೈಟಿನಲ್ಲಿ ನಮ್ಮ ನಂಬರ್ ಹಾಕಿದೆ. ಬಿಲ್ಡರ್ ಏರಿಸಿದ ಕಾಗದಗಳೆಲ್ಲ ಅಲ್ಲೇ ಇದ್ದವು. ಯಾರು ಬೇಕಾದರೂ ತೆರೆಯಬಹುದು, ದುಡ್ಡು ಬೇಡ. ಪರವಾನಗಿಯೂ ಇತ್ತು, ಮರಾಠಿಯಲ್ಲಿ. ನಾನು ಮರಾಠಿ ಚೆನ್ನಾಗಿ ಮಾತಾಡುತ್ತೇನೆ. ಆದರೆ ಕಚೇರಿಯ ಮರಾಠಿ ಬೇರೆಯೇ. ಪಕ್ಕದ ಮನೆಯ ಮೇಷ್ಟ್ರನ್ನು ಕೂರಿಸಿಕೊಂಡು ಓದಿಸಿದೆ. ಮೂರನೇ ಸಾಲಿನಲ್ಲೇ ಇತ್ತು: "ತಳ + 4 ಮಜಲೆ". ಬಿಲ್ಡರ್‌ನ ಬ್ರೋಷರಿನಲ್ಲಿ ಏಳು ಮಹಡಿ.

ಅಂದರೆ ನಮ್ಮ ಕಾಗದ ನಕಲಿಯಲ್ಲ. ಅದು ಮೊದಲ ದಿನದಿಂದ ನಿಜವನ್ನೇ ಹೇಳುತ್ತಿತ್ತು. ಅದನ್ನು ತೆರೆದವರು ಯಾರೂ ಇರಲಿಲ್ಲ.

ಹಾಗಾಗಿ ಈ ಕೆಲವು ಮಾತು ಮನಸ್ಸಿನಲ್ಲಿ ಇಟ್ಟುಕೊಳ್ಳಿ. 'ಬಾಂಧಕಾಮ ಪ್ರಾರಂಭ ಪ್ರಮಾಣಪತ್ರ' ಅಂದರೆ ಸಿಸಿ, ಕಟ್ಟಲು ಶುರು ಮಾಡಬಹುದು ಎಂಬ ಪರವಾನಗಿ. ಅದರಲ್ಲಿ 'ಜೋತ್ಯಾಪರ್ಯಂತ' ಅಂತ ಇದ್ದರೆ ಬರೀ ಪಾಯದ ಮಟ್ಟಕ್ಕೆ, ಅಂದರೆ ಪ್ಲಿಂತ್‌ವರೆಗೆ. ಅದರ ಮೇಲೆ ಕಟ್ಟಲು ಮುಂದಿನ ಸಿಸಿ ಬೇಕು. 'ಮಜಲೆ' ಅಂದರೆ ಮಹಡಿ. 'ಪ್ರಸ್ತಾವಿತ' ಅಂತ ಇದ್ದರೆ ಕೇಳಿದ್ದಾರೆ, ಸಿಕ್ಕಿಲ್ಲ. 'ಭೋಗವಟಾ ಪ್ರಮಾಣಪತ್ರ' ಅಂದರೆ ಓಸಿ, ವಾಸಕ್ಕೆ ಅನುಮತಿ. ಮುಂಬೈ ಪಾಲಿಕೆಯ ಹದ್ದಿನಲ್ಲಾದರೆ ಮೊದಲು ಐಓಡಿ ಎಂಬ ಪತ್ರ ಬರುತ್ತದೆ. ಅದು ಷರತ್ತುಗಳ ಪಟ್ಟಿ. ಅದನ್ನು ತೋರಿಸಿ "ಪ್ಲಾನ್ ಪಾಸ್ ಆಗಿದೆ" ಅಂತಾರೆ, ಆದರೆ ಸಿಸಿ ಬರದೆ ಕಟ್ಟುವಂತಿಲ್ಲ. ನೀವು ಕೊಳ್ಳುವ ಮಹಡಿಯ ಸಂಖ್ಯೆ ಸಿಸಿಯಲ್ಲಿ ಇದೆಯಾ ನೋಡಿ. ಇಲ್ಲದಿದ್ದರೆ ಟೋಕನ್ ಕೂಡ ಕೊಡಬೇಡಿ.

ಸಿಸಿ ಅಸಲಿಯಾ ಎಂಬುದಕ್ಕೆ ಅದರ ಮೇಲಿನ ನಂಬರ್, ತಾರೀಖು ಹಿಡಿದು ಪಾಲಿಕೆಯ ನಗರ ರಚನಾ ವಿಭಾಗಕ್ಕೆ ನೀವೇ ಹೋಗಿ. ಏಜೆಂಟನನ್ನು ಕಳಿಸಬೇಡಿ. ಬಾಯಿಮಾತಲ್ಲಿ ಹೇಳದಿದ್ದರೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಹತ್ತು ರೂಪಾಯಿ, 30 ದಿನ. ನಾನು ಹಾಕಿದೆ. ಮೇಲಿನ ಮೂರು ಮಹಡಿಗೆ ಮಂಜೂರಾತಿ ಇಲ್ಲ ಅಂತ ಬರವಣಿಗೆಯಲ್ಲೇ ಉತ್ತರ ಬಂತು. 26 ಲಕ್ಷ ಕೊಡುವ ಮುಂಚೆ ಮಾಡಬೇಕಿದ್ದ ಕೆಲಸ ಅದು.

"ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ರಿಜಿಸ್ಟರ್ ಆಗಿದೆಯಲ್ಲ?" ಅಂತ ನನ್ನ ಅಣ್ಣ ಕೇಳಿದ. ಅಲ್ಲಿ ದಾಖಲಾಗುವುದು ನಮ್ಮ ನಡುವಿನ ವ್ಯವಹಾರ. ಕಟ್ಟಡ ಸಕ್ರಮ ಎಂಬ ಮುದ್ರೆ ಅದಲ್ಲ. ಮನೆ ಟ್ಯಾಕ್ಸ್ ರಸೀದಿ, ಕರೆಂಟ್ ಮೀಟರ್ ಕೂಡ ಅಷ್ಟೇ. ಅಕ್ರಮ ಕಟ್ಟಡಕ್ಕೂ ಟ್ಯಾಕ್ಸ್ ಹಾಕುತ್ತಾರೆ.

ಈಗ ಮೆಟ್ಟಿಲ ಗೋಡೆಗೆ ನೋಟಿಸ್ ಅಂಟಿಸಿದ್ದಾರೆ. ಐದು, ಆರು, ಏಳನೇ ಮಹಡಿ ತೆರವು ಮಾಡಿ ಅಂತ. ಬಿಲ್ಡರ್ "ದಂಡ ಕಟ್ಟಿ ಸಕ್ರಮ ಮಾಡಿಸ್ತೀನಿ" ಅನ್ನುತ್ತಲೇ ಇದ್ದಾನೆ. ನಾವು ಹನ್ನೆರಡು ಮನೆಯವರು ಸೇರಿ ಮಹಾರೇರಾದಲ್ಲಿ ದೂರು ಕೊಟ್ಟಿದ್ದೇವೆ, ಹಣ ಬಡ್ಡಿ ಸಮೇತ ವಾಪಸ್ ಬೇಕು ಅಂತ. 18ನೇ ಕಲಮಿನಲ್ಲಿ ಅದಕ್ಕೆ ದಾರಿ ಇದೆ. ತೀರ್ಪು ಬಂದರೂ ವಸೂಲಿ ಜಿಲ್ಲಾಧಿಕಾರಿ ಕಚೇರಿ ಮೂಲಕ ಆಗಬೇಕು, ಅದು ನಿಧಾನ. ಸಾಲದ ಕಂತು ಮಾತ್ರ ಪ್ರತಿ ತಿಂಗಳು 5ನೇ ತಾರೀಖಿಗೆ ತಪ್ಪದೆ ಕತ್ತರಿಸುತ್ತದೆ. ಕೆಳಗಿನ ನಾಲ್ಕು ಮಹಡಿಯವರು ನಮ್ಮ ಜೊತೆ ಸೇರಲಿಲ್ಲ. ಅವರನ್ನು ನಾನು ದೂರುವುದಿಲ್ಲ, ಅವರ ಭಯ ಅವರಿಗೆ.

ಇನ್ನೊಂದು. ಮ್ಹಾಡಾ, ಅಂದರೆ ಮಹಾರಾಷ್ಟ್ರ ಸರ್ಕಾರದ ವಸತಿ ಸಂಸ್ಥೆಯ ಮನೆ "ಕೋಟಾದಲ್ಲಿ ಕೊಡಿಸ್ತೀನಿ" ಎನ್ನುವವರೂ ಇದೇ ರಿಕ್ಷಾ ಸ್ಟ್ಯಾಂಡಿನ ಹತ್ತಿರ ಸಿಗುತ್ತಾರೆ. ಮ್ಹಾಡಾಕ್ಕೆ ಏಜೆಂಟ್‌ಗಳೇ ಇಲ್ಲ. ಅರ್ಜಿ ಆನ್‌ಲೈನ್, ಆಯ್ಕೆ ಲಾಟರಿಯಲ್ಲಿ. 4,000 ಚದರ ಮೀಟರ್ ಮೇಲಿನ ಜಾಗದಲ್ಲಿ ಖಾಸಗಿ ಬಿಲ್ಡರ್ ಬಿಟ್ಟುಕೊಡಬೇಕಾದ ಶೇ. 20ರ ಸಣ್ಣ ಮನೆಗಳೂ ಆ ಲಾಟರಿಗೇ ಬರುತ್ತವೆ. ನಾವು ಒಂದು ಸಲವೂ ಅರ್ಜಿ ಹಾಕಿರಲಿಲ್ಲ.

ಕಳೆದ ವಾರ ರಾಯಚೂರಿನ ಒಂದು ಜೋಡಿ ನಮ್ಮ ಪಕ್ಕದ ಗಲ್ಲಿಯ ಹೊಸ ಕಟ್ಟಡ ನೋಡಲು ಬಂದಿದ್ದರು. ಹುಡುಗಿ ಬಸುರಿ. ಭಾನುವಾರ ಟೋಕನ್ ಕೊಡುವವರಿದ್ದರು. ಸಿಸಿ ತರಿಸಿ ಅಂದೆ. ಇನ್ನೂ ತಂದುಕೊಟ್ಟಿಲ್ಲವಂತೆ, ಅವರೂ ದುಡ್ಡು ಕೊಟ್ಟಿಲ್ಲ. ನಿಮ್ಮ ಕೈಯಲ್ಲೂ ಓದಲಾಗದ ಇಂಥ ಕಾಗದ ಇದ್ದರೆ ನಿಮ್ಮ ಹೆಸರು ಮುಚ್ಚಿ ಒಂದು ಫೋಟೋ ಕಳಿಸಿ. ಮೇಷ್ಟ್ರೂ ನಾನೂ ಕೂತು ಓದಿ ಹೇಳುತ್ತೇವೆ.