ಒಂದೇ ಟ್ರಸ್, ಮೂರು ವಿಧಾನ: ಕಲಿಯುವವರಿಗೆ ಯಾವುದು ಮೊದಲು?

ಎಂಜಿನಿಯರಿಂಗ್ ಮೊದಲ ವರ್ಷದವರಿಗೆ ಮೆಕ್ಯಾನಿಕ್ಸ್ ಪಾಠ ಮಾಡುವ ನನಗೆ ಪ್ರತಿ ವರ್ಷವೂ ಎದುರಾಗುವ ಪ್ರಶ್ನೆ ಒಂದಿದೆ: "ಸರ್, ಈ ಲೆಕ್ಕಕ್ಕೆ ಜಾಯಿಂಟ್ ಮೆಥಡ್ ಹಾಕಬೇಕಾ, ಸೆಕ್ಷನ್ ಮೆಥಡ್ ಹಾಕಬೇಕಾ?" ಎರಡರಲ್ಲಿಯೂ ಉತ್ತರ ಒಂದೇ ಎಂದು ಹೇಳಿ ಕಳುಹಿಸಬಹುದು. ಆದರೆ ಉತ್ತರ ಒಂದೇ ಆದರೂ ವಿದ್ಯಾರ್ಥಿ ತಪ್ಪುವ ಜಾಗ ಎರಡರಲ್ಲಿ ಒಂದೇ ಅಲ್ಲ. ಅದನ್ನು ತಿಳಿಯುವುದಕ್ಕಾಗಿಯೇ ಒಂದೇ ಟ್ರಸ್ಸನ್ನು, ಅಂದರೆ ಸರಳುಗಳನ್ನು ತ್ರಿಕೋನಗಳಾಗಿ ಜೋಡಿಸಿದ ಚೌಕಟ್ಟನ್ನು, ಜಾಯಿಂಟ್, ಸೆಕ್ಷನ್ ಮತ್ತು ಬಲನಕ್ಷೆ ಎಂಬ ಮೂರು ವಿಧಾನಗಳಲ್ಲಿಯೂ ಟ್ಯುಟೋರಿಯಲ್ ಅವಧಿಗಳಲ್ಲಿ ಬಿಡಿಸಿ ನೋಡಿದ್ದೇನೆ.

ತೆಗೆದುಕೊಂಡ ಟ್ರಸ್ ಸರಳವಾದದ್ದು. 1844ರಲ್ಲಿ ಅಮೆರಿಕದಲ್ಲಿ ಪೇಟೆಂಟ್ ಪಡೆದ ಪ್ರಾಟ್ ಮಾದರಿಯದು. ಉದ್ದ 12 ಮೀಟರ್, ಎತ್ತರ 4 ಮೀಟರ್, ತಲಾ 3 ಮೀಟರಿನ ನಾಲ್ಕು ಅಂಕಣಗಳು. ಕೆಳಗಿನ ಜಾಯಿಂಟುಗಳಿಗೆ ಎಡದಿಂದ ಎ, ಬಿ, ಸಿ, ಡಿ, ಇ ಎಂದೂ, ಬಿ, ಸಿ, ಡಿಗಳ ನೇರ ಮೇಲಿನವಕ್ಕೆ ಎಫ್, ಜಿ, ಎಚ್ ಎಂದೂ ಹೆಸರಿಟ್ಟೆ. ಎಫ್ ಮತ್ತು ಎಚ್‌ಗಳಿಂದ ಓರೆ ಸರಳುಗಳು ಕೆಳಗೆ ನಡುವಿನ ಸಿ ಕಡೆಗೂ, ತುದಿಯ ಎ ಮತ್ತು ಇಗಳ ಕಡೆಗೂ ಇಳಿಯುತ್ತವೆ. ಬಿ, ಸಿ, ಡಿಗಳಲ್ಲಿ ತಲಾ 20 ಕಿಲೋನ್ಯೂಟನ್ ಹೊರೆ ಇರುವುದರಿಂದ ಎರಡು ತುದಿಯ ಆಧಾರಗಳು ತಲಾ 30 ಕಿಲೋನ್ಯೂಟನ್ ಹೊರುತ್ತವೆ. ಅಂಕಣ 3, ಎತ್ತರ 4 ಆದ್ದರಿಂದ ಓರೆ ಸರಳಿನ ಉದ್ದ ಸರಿಯಾಗಿ 5 ಮೀಟರ್ ಬರುತ್ತದೆ. ಕ್ಯಾಲ್ಕ್ಯುಲೇಟರ್ ಬೇಡ, ಗಮನವೆಲ್ಲ ಬಲಗಳ ಮೇಲೆಯೇ ಇರಲಿ ಎಂಬುದು ನನ್ನ ಉದ್ದೇಶವಾಗಿತ್ತು.

ಒಂದೊಂದೇ ಜಾಯಿಂಟಿನಲ್ಲಿ ಬಲಗಳನ್ನು ಸರಿದೂಗಿಸುತ್ತ ಹೋಗುವ ಜಾಯಿಂಟ್ ವಿಧಾನದಿಂದ ಆರಂಭಿಸಿದೆ. ಎ ಜಾಯಿಂಟಿನಲ್ಲಿ ಆಧಾರದ 30 ಕಿಲೋನ್ಯೂಟನ್ನನ್ನು ಓರೆ ಸರಳು ಎ-ಎಫ್ ಒಂದೇ ಎದುರಿಸಬೇಕಾದ್ದರಿಂದ ಅದರಲ್ಲಿ 37.5 ಸಂಪೀಡನ (ಅದುಮುವ ಬಲ), ಕೆಳಗಿನ ಎ-ಬಿ ಸರಳಿನಲ್ಲಿ 22.5 ಎಳೆತ. ಬಿ ಜಾಯಿಂಟಿನಲ್ಲಿ ನೇರ ಸರಳು 20ರ ಹೊರೆಯನ್ನು ಹಾಗೆಯೇ ಮೇಲಕ್ಕೆ ಒಯ್ಯುತ್ತದೆ. ಇಲ್ಲಿಯವರೆಗೆ ತರಗತಿಯಲ್ಲಿ ಹೆಚ್ಚಿನವರು ಸರಿಯಾಗಿಯೇ ಬಂದರು. ಎಡವಿದ್ದು ಎಫ್ ಜಾಯಿಂಟಿನಲ್ಲಿ. ಎ-ಎಫ್ ಸರಳು ಎ ಜಾಯಿಂಟನ್ನು ಎಡಕ್ಕೂ ಕೆಳಕ್ಕೂ ತಳ್ಳುತ್ತದೆ ಎಂದು ಬಾಣ ಹಾಕಿದ ಒಬ್ಬ ಹುಡುಗಿ, ಅದೇ ದಿಕ್ಕಿನ ಬಾಣವನ್ನು ಎಫ್ ಜಾಯಿಂಟಿನಲ್ಲಿಯೂ ಹಾಕಿದಳು. ಅಲ್ಲಿಂದ ಮುಂದೆ ಅವಳ ಕೂಡು ಕಳೆಯುವಿಕೆ ಎಲ್ಲವೂ ಸರಿಯಿತ್ತು, ಆದರೂ 12.5 ಎಳೆತ ಬರಬೇಕಾದ ಎಫ್-ಸಿ ಸರಳಿನಲ್ಲಿ 62.5 ಸಂಪೀಡನ ಬಂತು, 30 ಸಂಪೀಡನ ಇರಬೇಕಾದ ಮೇಲಿನ ಎಫ್-ಜಿ ಸರಳಿನಲ್ಲಿ 60 ಎಳೆತ ಬಂತು. "ಸರ್, ಮೇಲಿನದು ಟೆನ್ಷನ್ ಬಂತು, ಸರಿನಾ?" ಎಂದು ಪುಸ್ತಕ ಹಿಡಿದು ಬಂದಳು. ಪಿಯುಸಿಯಲ್ಲಿ ನ್ಯೂಟನ್ನನ ಮೂರನೆಯ ನಿಯಮವನ್ನು ಅವಳು ಚೆನ್ನಾಗಿಯೇ ಕಲಿತಿದ್ದಳು. ಅದುಮಿಸಿಕೊಂಡ ಸರಳು ತನ್ನ ಎರಡೂ ತುದಿಗಳಲ್ಲಿ ಹೊರಕ್ಕೆ ತಳ್ಳುತ್ತದೆ ಎಂಬುದು ಸರಳಿನ ಸಮತೋಲನ ಮತ್ತು ಅದೇ ನಿಯಮ ಸೇರಿ ಬರುವ ಮಾತೆಂದು ಮಾತ್ರ ಯಾರೂ ಅವಳಿಗೆ ತೋರಿಸಿರಲಿಲ್ಲ. ಈ ವಿಧಾನದ ದೋಷ ಇದೇ: ಒಂದು ಜಾಯಿಂಟಿನ ತಪ್ಪು ಮುಂದಿನ ಪ್ರತಿಯೊಂದು ಜಾಯಿಂಟಿಗೂ ಸದ್ದಿಲ್ಲದೆ ದಾಟುತ್ತದೆ.

ಸೆಕ್ಷನ್ ವಿಧಾನದಲ್ಲಿ ಅದೇ ಎಫ್-ಜಿ ಸರಳಿಗೆ ಒಂದೇ ಸಾಲು ಸಾಕು. ಬಿ ಮತ್ತು ಸಿ ನಡುವೆ ಟ್ರಸ್ಸನ್ನು ಕತ್ತರಿಸಿ ಎಡಭಾಗವನ್ನು ಮಾತ್ರ ಇಟ್ಟುಕೊಂಡು, ಸಿ ಬಿಂದುವಿನ ಸುತ್ತ ಮೊಮೆಂಟ್ (ಬಲದ ತಿರುಗಿಸುವ ಪರಿಣಾಮ, ಬಲ ಗುಣಿಸು ದೂರ) ತೆಗೆದುಕೊಂಡರೆ, ಕತ್ತರಿಸಿದ ಮೂರು ಸರಳುಗಳಲ್ಲಿ ಎರಡು ಸಿ ಮೂಲಕವೇ ಹಾಯುವುದರಿಂದ ಅವು ಲೆಕ್ಕದಿಂದ ಬಿದ್ದುಹೋಗುತ್ತವೆ. 30 ಗುಣಿಸು 6, ಅದರಿಂದ 20 ಗುಣಿಸು 3 ಕಳೆದರೆ 120. ಅದನ್ನು ಎತ್ತರ 4ರಿಂದ ಭಾಗಿಸಿದರೆ 30. ಗಡಿಯಾರದ ದಿಕ್ಕಿನಲ್ಲಿ ತಿರುಗಲು ಹೊರಟ ಎಡಭಾಗವನ್ನು ಮೇಲಿನ ಸರಳು ಹಿಂದಕ್ಕೆ ತಳ್ಳಿ ತಡೆಯಬೇಕಾದ್ದರಿಂದ ಅದು ಸಂಪೀಡನವೇ ಎಂಬುದು ಚಿತ್ರದಲ್ಲಿಯೇ ಕಾಣುತ್ತದೆ. ನನಗೆ ವೇಗಕ್ಕಿಂತ ಮುಖ್ಯವಾಗಿ ಕಂಡದ್ದು ಆ 120 ಎಂಬ ಸಂಖ್ಯೆ. ಇದೇ ಹೊರೆಯ 12 ಮೀಟರ್ ತೊಲೆಯ ನಡುಮಧ್ಯದ ಬೆಂಡಿಂಗ್ ಮೊಮೆಂಟ್, ಅಂದರೆ ತೊಲೆಯನ್ನು ಬಾಗಿಸುವ ಮೊಮೆಂಟ್, ಕೂಡ ಅದೇ. ಎತ್ತರವನ್ನು 3 ಮೀಟರಿಗೆ ಇಳಿಸಿದರೆ ಮೇಲಿನ ಸರಳಿನ ಬಲ 40ಕ್ಕೆ ಏರುತ್ತದೆ ಎಂದು ವಿದ್ಯಾರ್ಥಿಗಳು ತಾವಾಗಿಯೇ ಹೇಳಿದರು. ಟ್ರಸ್ಸಿಗೆ ಎತ್ತರ ಏಕೆ ಕೊಡುತ್ತಾರೆ ಎಂಬ ಪ್ರಶ್ನೆಗೆ ಇದಕ್ಕಿಂತ ನೇರವಾದ ಉತ್ತರವನ್ನು ನಾನು ಕೊಡಲಾರೆ. ಕಷ್ಟ ಬರುವುದು ಎಲ್ಲಿ ಕತ್ತರಿಸಬೇಕೆಂಬ ಆಯ್ಕೆಯಲ್ಲಿ. ನಾಲ್ಕು ಸರಳುಗಳನ್ನು ಹಾದು ಗೆರೆ ಎಳೆದು, ಮೂರೇ ಸಮೀಕರಣಗಳಿವೆಯಲ್ಲ ಎಂದು ಕುಳಿತವರೂ ಇದ್ದರು.

ಬಲಗಳನ್ನು ಅಳತೆಗೆ ತಕ್ಕ ಗೆರೆಗಳಾಗಿ ಎಳೆದು ಉತ್ತರವನ್ನು ಅಳೆದು ಓದುವ ಮೂರನೆಯ ವಿಧಾನವಾದ ಬಲನಕ್ಷೆಯನ್ನು ಈಗ ಹೆಚ್ಚಿನ ಕಡೆ ಕಲಿಸುವುದಿಲ್ಲ. ಮ್ಯಾಕ್ಸ್‌ವೆಲ್ 1864ರಲ್ಲಿ ಇದರ ತತ್ತ್ವವನ್ನು ಪ್ರಕಟಿಸಿದರು, ಇಟಲಿಯ ಕ್ರೆಮೋನಾ 1872ರಲ್ಲಿ ಅದನ್ನು ಬೆಳೆಸಿದರು, ಸರಳು ಮತ್ತು ಹೊರೆಗಳ ನಡುವಿನ ಜಾಗಗಳಿಗೆ ಅಕ್ಷರ ಕೊಡುವ ಬೋ ಅವರ ಕ್ರಮ 1873ರದು. ಒಂದು ಸೆಂಟಿಮೀಟರಿಗೆ 5 ಕಿಲೋನ್ಯೂಟನ್ ಎಂಬ ಅಳತೆಯಲ್ಲಿ ಸೆಟ್‌ಸ್ಕ್ವೇರ್ ಹಿಡಿದು ಎಳೆಯಲು ಕೂತರೆ ಸುಮಾರು ಮುಕ್ಕಾಲು ಗಂಟೆ ಬೇಕಾಯಿತು, ಮತ್ತು ಅರ್ಧ ಮಿಲಿಮೀಟರ್ ತಪ್ಪಿದರೆ 0.25 ಕಿಲೋನ್ಯೂಟನ್ ವ್ಯತ್ಯಾಸವಾಗುತ್ತದೆ. ಆದರೂ ಇದನ್ನು ಬಿಡಲು ನನಗೆ ಮನಸ್ಸಿಲ್ಲ. ಬೋ ಕ್ರಮದಲ್ಲಿ ಸರಳಿನ ಎರಡು ಬದಿಯ ಜಾಗಗಳಿಗೆ ಅಕ್ಷರವಿದ್ದು, ಪ್ರತಿ ಜಾಯಿಂಟನ್ನು ಗಡಿಯಾರದ ದಿಕ್ಕಿನಲ್ಲಿ ಸುತ್ತಿ ಓದಿದಾಗ, ಒಂದು ತುದಿಯಲ್ಲಿ "ಪಿ-ಕ್ಯೂ" ಆದ ಸರಳು ಇನ್ನೊಂದು ತುದಿಯಲ್ಲಿ ತಾನಾಗಿ "ಕ್ಯೂ-ಪಿ" ಆಗುತ್ತದೆ. ಆ ಹುಡುಗಿ ಮಾಡಿದ ತಪ್ಪಿಗೆ ಇಲ್ಲಿ ಜಾಗವೇ ಇಲ್ಲ. ನಕ್ಷೆ ಕೊನೆಗೆ ಮುಚ್ಚಿಕೊಳ್ಳದಿದ್ದರೆ ತಪ್ಪಾಗಿದೆ ಎಂಬುದೂ ಕಣ್ಣಿಗೇ ಕಾಣುತ್ತದೆ.

ನಕ್ಷೆಯಲ್ಲಿ ನಡುವಿನ ನೇರ ಸರಳು ಜಿ-ಸಿಯ ಎರಡು ಬದಿಯ ಅಕ್ಷರಗಳು ಒಂದೇ ಚುಕ್ಕೆಯ ಮೇಲೆ ಬಂದು ಕೂತಾಗ ಇಡೀ ತರಗತಿ ಕೇಳಿತು: "ಬಲವೇ ಸೊನ್ನೆಯಾದರೆ ಈ ಸರಳು ಯಾಕೆ ಸರ್?" ಜಾಯಿಂಟ್ ವಿಧಾನದಲ್ಲಿ ಜಿ ಬಿಂದುವನ್ನು ನೋಡಿದವರಿಗೂ ಅದೇ ಸೊನ್ನೆ ಸಿಕ್ಕಿತ್ತು, ಆದರೆ ಪ್ರಶ್ನೆ ಹುಟ್ಟಿರಲಿಲ್ಲ. ಒಂದು ಅಡಿಯ ಪ್ಲಾಸ್ಟಿಕ್ ಸ್ಕೇಲನ್ನು ಮೇಜಿನ ಮೇಲೆ ನೆಟ್ಟಗೆ ನಿಲ್ಲಿಸಿ ಅಂಗೈಯಿಂದ ಒತ್ತಲು ಒಬ್ಬನಿಗೆ ಹೇಳಿದೆ. ಅದು ಕೂಡಲೇ ಬಿಲ್ಲಿನಂತೆ ಬಾಗಿತು. ಪಕ್ಕದವನು ನಡುವಿನಲ್ಲಿ ಎರಡು ಬೆರಳಿನಿಂದ ಹಿಡಿದುಕೊಂಡ ಮೇಲೆ ಎಷ್ಟೋ ಗಟ್ಟಿಯಾಗಿ ಒತ್ತಬೇಕಾಯಿತು. ನಡುವೆ ಹಿಡಿತವಿಲ್ಲದ ಉದ್ದ ಅರ್ಧವಾದರೆ, ಅದುಮಿದ ಸರಳು ಎಷ್ಟು ಬಲಕ್ಕೆ ಬಾಗುತ್ತದೆ ಎಂದು ಹೇಳುವ ಆಯ್ಲರ್ ಸೂತ್ರದ ಪ್ರಕಾರ ತಾಳುವ ಬಲ ನಾಲ್ಕು ಪಟ್ಟು; ಮೇಲಿನ 6 ಮೀಟರ್ ಉದ್ದವನ್ನು ಟ್ರಸ್ಸಿನ ಸಮತಲದಲ್ಲಿ 3 ಮತ್ತು 3 ಆಗಿ ಹಿಡಿದಿಡುವ ಆ ಎರಡು ಬೆರಳುಗಳೇ ಜಿ-ಸಿ ಸರಳು.

ಇದನ್ನೆಲ್ಲ ಕೈಯಲ್ಲಿಯೇ ಏಕೆ ಮಾಡಬೇಕು ಎನ್ನಬಹುದು. ಕಂಪ್ಯೂಟರ್ ತಂತ್ರಾಂಶ ಈ ಟ್ರಸ್ಸಿನ ಹದಿಮೂರೂ ಸರಳುಗಳ ಬಲಗಳನ್ನು ಕ್ಷಣದಲ್ಲಿ ಕೊಡುತ್ತದೆ, ಆದರೆ ಆಧಾರವನ್ನು ತಪ್ಪಾಗಿ ಕೊಟ್ಟವನಿಗೆ ತಪ್ಪು ಉತ್ತರವನ್ನೂ ಅಷ್ಟೇ ಅಂದವಾಗಿ ಕೊಡುತ್ತದೆ.

ಇಷ್ಟು ನೋಡಿದ ಮೇಲೆ ನನ್ನ ತರಗತಿಯಲ್ಲಿ ಕ್ರಮವನ್ನು ತಿರುಗಿಸಿದ್ದೇನೆ: ಸೆಕ್ಷನ್ ಮೊದಲು, ನಂತರ ಒಮ್ಮೆ ಮಾತ್ರ ಬಲನಕ್ಷೆ, ಆಮೇಲೆ ಜಾಯಿಂಟ್. ಎಲ್ಲ ಸರಳುಗಳ ಬಲ ಕೇಳಿದಾಗ ಜಾಯಿಂಟ್ ವಿಧಾನವನ್ನೇ ಹಿಡಿಯಬೇಕಾದ್ದರಿಂದ ಅದನ್ನು ಕೈಬಿಡುವಂತಿಲ್ಲ. ಆದರೆ ಎಫ್-ಜಿ 30 ಸಂಪೀಡನ ಎಂದು ಸೆಕ್ಷನ್ನಿನಿಂದ ಮೊದಲೇ ಬರೆದಿಟ್ಟುಕೊಂಡವರು ಎಫ್ ಜಾಯಿಂಟಿನಲ್ಲಿ 60 ಎಳೆತ ಬಂದರೆ ಅಲ್ಲಿಯೇ ನಿಲ್ಲುತ್ತಾರೆ. ಮತ್ತು ಎಡದಿಂದ ಹೊರಟು ಕೊನೆಯ ಇ ಜಾಯಿಂಟಿಗೆ ಬಂದಾಗ, ಅಲ್ಲಿ ಹೊಸದಾಗಿ ಕಂಡುಹಿಡಿಯಲು ಏನೂ ಉಳಿದಿರದಿದ್ದರೂ, ಬಲಗಳು ಆ 30ರ ಆಧಾರದೊಂದಿಗೆ ಸರಿದೂಗುತ್ತವೆಯೇ ಎಂದು ಕೂಡಿ ನೋಡಲೇಬೇಕೆಂದು ಕೇಳಿಕೊಳ್ಳುತ್ತೇನೆ.