ಎತ್ತರ ಬದಲಿಸುವ ಟೇಬಲ್: ಚಿಕ್ಕಮಗಳೂರಿನ ಮನೆಯಲ್ಲಿ ಎರಡು ಮುಕ್ಕಾಲು ವರ್ಷ

ನನಗೆ ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್ ಇದೆ. ಬೆನ್ನುಮೂಳೆಯಲ್ಲಿ, ಸೊಂಟದ ಕೀಲುಗಳಲ್ಲಿ ಉರಿಯೂತ ಬರುವ ಕಾಯಿಲೆ. ಸಾಮಾನ್ಯ ಬೆನ್ನುನೋವು ಮಲಗಿದರೆ ತಗ್ಗುತ್ತದೆ. ಇದು ಉಲ್ಟಾ. ಅಲ್ಲಾಡದೆ ಇದ್ದಷ್ಟೂ ಬಿಗಿಯುತ್ತದೆ, ಓಡಾಡಿದರೆ ಸಡಿಲವಾಗುತ್ತದೆ. ನನ್ನ ಕೆಲಸವೋ ದಿನಕ್ಕೆ ಎಂಟು ಗಂಟೆ ಕೂತು ವಿಮೆ ಕ್ಲೇಮುಗಳನ್ನು ನೋಡುವುದು. ಆಫೀಸು ಬೆಂಗಳೂರಿನಲ್ಲಿ, ನಾನು ಬಸವನಹಳ್ಳಿಯ ಅಮ್ಮನ ಮನೆಯಲ್ಲಿ.

ಮೊದಲು ಊಟದ ಟೇಬಲ್ಲೇ ನನ್ನ ಆಫೀಸು. ನಿಂತು ಕೆಲಸ ಮಾಡಬೇಕು ಅನಿಸಿದಾಗ ಅದರ ಮೇಲೆ ಅಕ್ಕಿ ಡಬ್ಬ, ಡಬ್ಬದ ಮೇಲೆ ಲ್ಯಾಪ್‌ಟಾಪ್. ಬೆನ್ನು ಹಿಡಿದ ದಿನ ಆ ಡಬ್ಬ ಎತ್ತಲು ಆಗುತ್ತಿರಲಿಲ್ಲ. "ಅಮ್ಮಾ, ಸ್ವಲ್ಪ ಬಾ" ಅಂತ ಕರೆಯಬೇಕಿತ್ತು. ಅವರಿಗೆ 68 ವರ್ಷ. ದಿನಕ್ಕೆ ನಾಲ್ಕು ಸಲ ಹೇಗೆ ಕರೆಯುವುದು? ಕರೆಯುವುದು ಬೇಡ ಅಂತ ಸುಮ್ನೆ ಕೂತೇ ಇರುತ್ತಿದ್ದೆ. ಸಂಜೆಗೆ ಕತ್ತು ತಿರುಗಿಸಲೂ ಆಗುತ್ತಿರಲಿಲ್ಲ.

ಆಮೇಲೆ 24,000 ರೂಪಾಯಿ ಕೊಟ್ಟು ಮೋಟಾರಿನ ಟೇಬಲ್ ತರಿಸಿದೆ. ಬಟನ್ ಒತ್ತಿದರೆ ಮೇಲೆ, ಇನ್ನೊಂದು ಒತ್ತಿದರೆ ಕೆಳಗೆ. ಈ ವಿಮರ್ಶೆಯಲ್ಲಿ ನಾನು ಹೇಳಬೇಕಾದ ಮುಖ್ಯ ಮಾತು ಇಷ್ಟೇ: ನನಗೆ ಬೇಕಿದ್ದದ್ದು ನಿಲ್ಲುವುದಲ್ಲ, ಯಾರನ್ನೂ ಕರೆಯದೆ ಬದಲಾಯಿಸಿಕೊಳ್ಳುವುದು. ಅದನ್ನು ಈ ಟೇಬಲ್ ಮೊದಲ ದಿನದಿಂದಲೇ ಕೊಟ್ಟಿತು.

ಆದರೆ ಮೊದಲ ತಿಂಗಳು ನಾನೇ ತಪ್ಪು ಮಾಡಿದೆ. ನಿಂತರೆ ಒಳ್ಳೆಯದು ಅಂತ ಎರಡೆರಡು ಗಂಟೆ ನಿಂತೆ. ಕಾಲು ಊದಿಕೊಂಡವು, ಸೊಂಟ ಇನ್ನೂ ಹಿಡಿಯಿತು. ನಿಂತಲ್ಲೇ ನಿಲ್ಲುವುದೂ ಕೂತಲ್ಲೇ ಕೂರುವ ಹಾಗೇನೇ, ಅದು ವ್ಯಾಯಾಮ ಅಲ್ಲ ಎಂದರು ಫಿಸಿಯೋಥೆರಪಿ ಮಾಡಿಸುವವರು. ಈಗ ಅರ್ಧ ಗಂಟೆಗೊಮ್ಮೆ ಬದಲಾಯಿಸುತ್ತೇನೆ. ನೋವು ಜಾಸ್ತಿ ಇರುವ ದಿನ ನಿಲ್ಲುವುದು ಎಂಟು ಹತ್ತು ನಿಮಿಷ ಮಾತ್ರ.

ಇನ್ನು ತೊಂದರೆಗಳು. ಮೊದಲನೆಯದು ಎತ್ತರ. ಇದು ಕೆಳಗೆ ಇಳಿದರೂ 72 ಸೆಂಟಿಮೀಟರಿಗೆ ನಿಲ್ಲುತ್ತದೆ. ನಾನು ಐದಡಿ ಒಂದಂಗುಲ. ಕೂತಾಗ ನನ್ನ ಮೊಣಕೈ ಅಷ್ಟು ಎತ್ತರಕ್ಕೆ ಬರುವುದಿಲ್ಲ. ಭುಜ ಎತ್ತಿಕೊಂಡೇ ಟೈಪ್ ಮಾಡಬೇಕು. ಕುರ್ಚಿ ಏರಿಸಿದರೆ ಕಾಲು ನೆಲಕ್ಕೆ ತಾಗದು. ಕೊನೆಗೆ ಅಮ್ಮ ಅಟ್ಟದಿಂದ ಹಳೇ ಊಟದ ಮಣೆ ತೆಗೆದುಕೊಟ್ಟರು. ಕಾಲು ಅದರ ಮೇಲೆ. ನಮ್ಮ ಕಡೆ ನನ್ನ ಎತ್ತರದ ಹೆಂಗಸರೇ ಜಾಸ್ತಿ ಅಲ್ವಾ? ಇಲ್ಲಿ ಮಾರುವ ಟೇಬಲ್ ಇನ್ನೂ ಏಳೆಂಟು ಸೆಂಟಿಮೀಟರ್ ಕೆಳಗೆ ಇಳಿಯಲೇಬೇಕು.

ಎರಡನೆಯದು ಕರೆಂಟು. ಮೊದಲ ಮಳೆಗಾಲದಲ್ಲಿ, ಟೇಬಲ್ ಮೇಲೆ ಏರಿಸಿದ್ದಾಗಲೇ ಕರೆಂಟು ಹೋಯಿತು. ಬಂದದ್ದು ನಾಲ್ಕು ಗಂಟೆ ಬಿಟ್ಟು. ಟೇಬಲ್ಲನ್ನು ಕೈಯಿಂದ ಇಳಿಸಲು ದಾರಿಯೇ ಇಲ್ಲ. ಅವತ್ತು ನನಗೆ ನಿಲ್ಲಲು ಆಗುತ್ತಿರಲಿಲ್ಲ. ಲ್ಯಾಪ್‌ಟಾಪ್ ತೊಡೆ ಮೇಲಿಟ್ಟುಕೊಂಡು ಮಂಚದ ಮೇಲೆ ಕೂತೆ, ಮಾರನೇ ದಿನ ರಜೆ ಹಾಕಿದೆ. ಆಮೇಲೆ ಎಲೆಕ್ಟ್ರೀಷಿಯನ್ ಕರೆಸಿ ಆ ಪ್ಲಗ್ಗನ್ನೂ ಇನ್ವರ್ಟರ್ ಲೈನಿಗೆ ಹಾಕಿಸಿದೆ. ಮೋಟಾರು ಓಡುವುದು ಕೆಲವೇ ಸೆಕೆಂಡು, ಬ್ಯಾಟರಿಗೆ ಅದೇನೂ ಭಾರವಲ್ಲ. ಮಲೆನಾಡಿನವರು ಇದನ್ನು ಮೊದಲೇ ಮಾಡಿಸಿಕೊಳ್ಳಿ. ಕರೆಂಟು ಹೋಗಿ ಬಂದಾಗ ಕೆಲವೊಮ್ಮೆ ಟೇಬಲ್ ಅಲ್ಲಾಡುವುದೇ ಇಲ್ಲ. ಇಳಿಸುವ ಬಟನ್ನನ್ನು ಪೂರ್ತಿ ಕೆಳಗೆ ಮುಟ್ಟುವವರೆಗೆ ಒತ್ತಿ ಹಿಡಿದರೆ ಸರಿಹೋಗುತ್ತದೆ.

ಮೂರನೆಯದು ಹಲಗೆ. ಎರಡನೇ ವರ್ಷದ ಆಗಸ್ಟಿಗೆ ಅಂಚುಗಳು ಉಬ್ಬಿ ಸಿಪ್ಪೆ ಏಳತೊಡಗಿದವು. ಕಂಪನಿಗೆ ಫೋನ್ ಮಾಡಿದರೆ ಚಿಕ್ಕಮಗಳೂರಿಗೆ ಜನ ಬರುವುದಿಲ್ಲ ಎಂದರು, ಹಲಗೆಯ ವಾರಂಟಿಯೂ ಮುಗಿದಿತ್ತು. ಬೇಜಾರಾಯಿತು. ನಮ್ಮ ಬೀದಿಯ ಮರಗೆಲಸದವರು ಬಂದು ನೋಡಿ, "ಅಕ್ಕಾ, ಇದು ಹೊಟ್ಟು ಒತ್ತಿ ಮಾಡಿದ್ದು. ನಮ್ಮೂರ ಮಳೆಗೆ ತಡೆಯಲ್ಲ" ಎಂದರು. ಸಿಲ್ವರ್ ಓಕ್ ಹಲಗೆ ಕೂಡಿಸಿ ಪಾಲಿಶ್ ಮಾಡಿ ಕೊಟ್ಟರು. ಕಾಫಿ ತೋಟದಲ್ಲಿ ನೆರಳಿಗೆ, ಮೆಣಸಿನ ಬಳ್ಳಿ ಹಬ್ಬಿಸಲು ಬೆಳೆಸುವ ಅದೇ ಮರ. ದಪ್ಪ ಮಾತ್ರ ಹೆಚ್ಚಿಸಬೇಡಿ ಎಂದು ಹೇಳಿದ್ದೆ, ಒಂದು ಸೆಂಟಿಮೀಟರ್ ಏರಿದರೂ ನನ್ನ ಭುಜಕ್ಕೆ ಗೊತ್ತಾಗುತ್ತದೆ. ಈ ಮಳೆಗಾಲ ಅದು ಒಂಚೂರೂ ಉಬ್ಬಲಿಲ್ಲ.

ಟೇಬಲ್ಲಿನಿಂದ ಕಾಯಿಲೆ ಕಡಿಮೆಯಾಯಿತಾ ಎಂದು ಕೇಳುತ್ತಾರೆ. ಇಲ್ಲ. ಔಷಧಿ, ವ್ಯಾಯಾಮ ಎರಡೂ ಮೊದಲಿನ ಹಾಗೇ ಇವೆ. ಬೆಳಗಿನ ಬಿಗಿತಕ್ಕಂತೂ ಟೇಬಲ್ ಏನೂ ಮಾಡಲಾರದು. ಎದ್ದು ಒಂದೂವರೆ ಗಂಟೆ ನಾನು ಬಗ್ಗಲಾರೆ. ಒಂಬತ್ತರ ಮೀಟಿಂಗನ್ನು ಹತ್ತೂವರೆಗೆ ಬದಲಾಯಿಸಿ ಎಂದು ಮೇಲಿನವರನ್ನು ಕೇಳಲು ಒಂದು ವರ್ಷ ಹೆದರಿದೆ. ಕೇಳಿದಾಗ ಒಪ್ಪಿದರು. ಆ ಒಂದೂವರೆ ಗಂಟೆ ನನಗೆ ಟೇಬಲ್ಲಿಗಿಂತ ದೊಡ್ಡದು.

ಕೇಳುವುದಕ್ಕೆ ಒಂದು ಆಧಾರವೂ ಇದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21ನೇ ಸೆಕ್ಷನ್ ಪ್ರಕಾರ ಪ್ರತಿ ಸಂಸ್ಥೆಯೂ ಸಮಾನ ಅವಕಾಶ ನೀತಿ ಪ್ರಕಟಿಸಬೇಕು, ಅಂದರೆ ಅಂಗವಿಕಲ ನೌಕರರಿಗೆ ಏನೇನು ಅನುಕೂಲ ಮಾಡಿಕೊಡುತ್ತೇವೆ ಎಂದು ಹೇಳಬೇಕು. ನಿಮ್ಮ ಆಫೀಸಿನದನ್ನು ತರಿಸಿಕೊಂಡು ಓದಿ. ಕಾಯ್ದೆಯ ಪಟ್ಟಿಯಲ್ಲಿರುವ 21 ಅಂಗವೈಕಲ್ಯಗಳಲ್ಲಿ ನನ್ನ ಕಾಯಿಲೆಯ ಹೆಸರಿಲ್ಲ. ದೇಹದ ಚಲನೆ ಎಷ್ಟು ಕುಂದಿದೆ ಎಂದು ಅಳೆದು ಶೇಕಡಾವಾರು ಹಾಕುತ್ತಾರೆ. ಹಲವು ಸೌಲಭ್ಯಗಳಿಗೆ ಕನಿಷ್ಠ ಶೇ 40 ಬೇಕು, ನನಗೆ ಅಷ್ಟು ಮುಟ್ಟಲಿಲ್ಲ. ಅಳತೆಗೆ ಸಿಗದ ನೋವೂ ನೋವೇ. ಹಾಗಾಗಿ ಡಾಕ್ಟರ ಚೀಟಿ ಇಟ್ಟು ಆಫೀಸಿಗೆ ಬರೆದು ಕೇಳಿದೆ, ಟೇಬಲ್ಲಿನ ಅರ್ಧ ದುಡ್ಡು ಕೊಟ್ಟರು.

ಮತ್ತೆ ಇದನ್ನೇ ಕೊಳ್ಳುತ್ತೇನಾ? ಮೋಟಾರು, ಕಬ್ಬಿಣದ ಕಾಲುಗಳು ಇವತ್ತಿಗೂ ಗಟ್ಟಿಯಾಗಿವೆ. ಹಲಗೆ ಇಲ್ಲದೆ ಬರೀ ಕಾಲುಗಳನ್ನೂ ಮಾರುತ್ತಾರೆ ಎಂದು ಆಮೇಲೆ ಗೊತ್ತಾಯಿತು. ಈ ಸಲ ಅಷ್ಟೇ ತರಿಸಿ ಹಲಗೆಯನ್ನು ಊರಲ್ಲೇ ಮಾಡಿಸುತ್ತೇನೆ. ಅದಕ್ಕೂ ಮೊದಲು ಕುರ್ಚಿಯಲ್ಲಿ ಕೂತು, ಪಾದ ನೆಲಕ್ಕೆ ಊರಿ, ಮೊಣಕೈ ಎತ್ತರವನ್ನು ಟೇಪಿನಲ್ಲಿ ಅಳೆಯುತ್ತೇನೆ. ಹಲಗೆಯ ದಪ್ಪ ಸೇರಿಸಿದರೂ ಅಷ್ಟಕ್ಕೆ ಇಳಿಯದ ಟೇಬಲ್ ನನಗೆ ಬೇಡ.