ನೇತ್ರಾಣಿಗೆ ಹೊರಟ ಕಲಬುರಗಿಯವರಿಗೆ: ವೆಟ್‌ಸೂಟೋ, ಡ್ರೈಸೂಟೋ?

ನಮ್ಮ ಕಡೆಯಿಂದ ಡೈವಿಂಗ್, ಅಂದರೆ ಬೆನ್ನಿಗೆ ಗಾಳಿ ಸಿಲಿಂಡರ್ ಹೊತ್ತು ಸಮುದ್ರದೊಳಗೆ ಇಳಿಯುವುದನ್ನು, ಕಲಿಯಲು ಹೊರಟವರು ಸಾಮಾನ್ಯವಾಗಿ ಇಳಿಯುವುದು ಮುರ್ಡೇಶ್ವರದ ಎದುರಿನ ನೇತ್ರಾಣಿ ದ್ವೀಪದಲ್ಲಿ, ಇಲ್ಲವೇ ಗೋವಾದಲ್ಲಿ. ಡೈವಿಂಗ್ ನಡೆಯುವ ತಿಂಗಳುಗಳಲ್ಲಿ ಅಲ್ಲಿನ ನೀರು ಸುಮಾರು 26ರಿಂದ 30 ಡಿಗ್ರಿ ಇರುತ್ತದೆ. ಆ ನೀರಿಗೆ 3 ಮಿಲಿಮೀಟರ್ ದಪ್ಪದ, ಕೈಕಾಲು ಪೂರ್ತಿ ಮುಚ್ಚುವ ವೆಟ್‌ಸೂಟ್, ಅಂದರೆ ಮೈಗೆ ಅಂಟಿಕೊಳ್ಳುವ ರಬ್ಬರ್ ಉಡುಪು, ಸಾಕು. ಒಳಗೆ ನೀರೇ ಬಿಡದ ಡ್ರೈಸೂಟ್ ಬೇಡ. ಎರಡನ್ನೂ ತೊಟ್ಟು ನೀರಿಗಿಳಿದು ನೋಡಿದ ಮೇಲೆ ಹೇಳುವ ಮಾತಿದು. ಬೀದರ್‌ನ ಡಿಸೆಂಬರ್ ಚಳಿ ನೋಡಿ ಸಮುದ್ರವೂ ಹಾಗೇ ಕೊರೆಯುತ್ತದೆ ಅಂದುಕೊಳ್ಳಬೇಡಿ.

ಹಾಗಾದರೆ ಬರೀ ಚಡ್ಡಿ-ಬನಿಯನ್ ಸಾಲದೇ? ಸಾಲದು. ನೀರು ಗಾಳಿಗಿಂತ ಸುಮಾರು 25 ಪಟ್ಟು ಚೆನ್ನಾಗಿ ಶಾಖ ಸಾಗಿಸುತ್ತದೆ. 28 ಡಿಗ್ರಿಯ ನೀರಿನಲ್ಲೂ ಮುಕ್ಕಾಲು ಗಂಟೆ ಇದ್ದರೆ, ಅದರಲ್ಲೂ ಎರಡನೇ ಡೈವ್‌ನಲ್ಲಿ, ತೆಳ್ಳಗಿನವರು ನಡುಗಲು ಶುರು ಮಾಡುತ್ತಾರೆ. ಬಂಡೆ ತರಚುವುದು, ಜೆಲ್ಲಿಮೀನು ಕುಟುಕುವುದು ಬೇರೆ.

ವೆಟ್‌ಸೂಟಿನ ಒಳಗೆ ನೀರು ಬರುತ್ತದೆ, ಬರಬೇಕಾದದ್ದೇ. ಆ ನೀರೇ ಬಿಸಿಯಾಗಿ ಮೈ ಕಾಯುತ್ತದೆ ಎಂಬುದು ಪೂರ್ತಿ ನಿಜವಲ್ಲ. ಕಾಯುವ ಕೆಲಸ ಹೆಚ್ಚಾಗಿ ನಿಯೋಪ್ರೀನ್ ರಬ್ಬರಿನೊಳಗಿನ ಸಣ್ಣ ಗಾಳಿಗುಳ್ಳೆಗಳದ್ದು. ಒಳಗಿನ ನೀರು ಬದಲಾಗುತ್ತಾ ಹೋಗಬಾರದು, ಅಷ್ಟೇ. ಅದಕ್ಕೇ ಅಳತೆ ಮುಖ್ಯ. ತೊಟ್ಟ ಮೇಲೆ ಕುಕ್ಕರಗಾಲಲ್ಲಿ ಕೂತು ನೋಡಿ, ಎರಡೂ ಕೈ ಎತ್ತಿ ನೋಡಿ. ಸೊಂಟದ ಹಿಂಭಾಗದಲ್ಲಿ, ಕಂಕುಳಲ್ಲಿ, ತೊಡೆಸಂದಿಯಲ್ಲಿ ಜೋಲು ಇದ್ದರೆ ಪ್ರತಿ ಒದೆತಕ್ಕೂ ತಣ್ಣೀರು ಒಳಗೆ ಹೊಕ್ಕು ಹೊರಬರುತ್ತದೆ. ಒಣಗಿದ್ದಾಗ ಸ್ವಲ್ಪ ಬಿಗಿ ಅನಿಸಬೇಕು, ಆದರೆ ಉಸಿರು ತುಂಬಾ ಎಳೆದುಕೊಳ್ಳಲು ಅಡ್ಡಿಯಾಗಬಾರದು. ಪಾದಕ್ಕೆ ತೆಳು ಪ್ಲಾಸ್ಟಿಕ್ ಚೀಲ ಹಾಕಿಕೊಂಡರೆ ಕಾಲು ಸಲೀಸಾಗಿ ಜಾರುತ್ತದೆ. ಉಗುರಿನಿಂದ ಎಳೆಯಬೇಡಿ, ನಿಯೋಪ್ರೀನ್ ಸೀಳುತ್ತದೆ. ಬೆರಳ ತುದಿಯಿಂದ ಹಿಡಿದು ಸ್ವಲ್ಪ ಸ್ವಲ್ಪವೇ ಮೇಲಕ್ಕೆ ಏರಿಸಿ.

ಡ್ರೈಸೂಟಿನ ಲೆಕ್ಕವೇ ಬೇರೆ. ಕುತ್ತಿಗೆ, ಮಣಿಕಟ್ಟುಗಳಲ್ಲಿ ಲ್ಯಾಟೆಕ್ಸ್, ಸಿಲಿಕೋನ್ ಅಥವಾ ನಿಯೋಪ್ರೀನ್ ಸೀಲ್. ನೀರು ಬಿಡದ ಝಿಪ್. ಎದೆಯ ಮೇಲೆ ಸೂಟಿನೊಳಕ್ಕೆ ಗಾಳಿ ತುಂಬುವ ವಾಲ್ವ್, ಎಡತೋಳಿನ ಮೇಲೆ ಗಾಳಿ ಹೊರಹಾಕುವ ವಾಲ್ವ್. ಬಟ್ಟೆಯ ಡ್ರೈಸೂಟ್ ತಾನಾಗಿ ಬೆಚ್ಚಗಿಡುವುದಿಲ್ಲ, ಒಳಗೆ ತೊಟ್ಟ ದಪ್ಪ ಉಡುಪು ಬೆಚ್ಚಗಿಡುತ್ತದೆ. ಹೊಸಬರಿಗೆ ಕಷ್ಟವಾಗುವುದು ಇಲ್ಲಿಯೇ. 10 ಮೀಟರ್ ಆಳದಲ್ಲಿ ಒತ್ತಡ ಎರಡು ಪಟ್ಟಾಗುತ್ತದೆ, ಸೂಟಿನೊಳಗಿನ ಗಾಳಿ ಅರ್ಧಕ್ಕೆ ಕುಗ್ಗುತ್ತದೆ. ಬಟ್ಟೆಯ ಮಡಿಕೆ ಚರ್ಮವನ್ನು ಹಿಂಡಿ ಕೆಂಪು ಬರೆ ಮೂಡಿಸುತ್ತದೆ. ಆದ್ದರಿಂದ ಇಳಿಯುತ್ತಾ ಸೂಟಿನೊಳಕ್ಕೆ ಚೂರು ಚೂರೇ ಗಾಳಿ ತುಂಬಿಕೊಳ್ಳಬೇಕು. ಏರುವಾಗ ಅದೇ ಗಾಳಿ ಹಿಗ್ಗುತ್ತದೆ. ಎಡ ಮೊಣಕೈ ಎತ್ತಿ ವಾಲ್ವ್‌ನಿಂದ ಹೊರಬಿಡಬೇಕು. ತಲೆ ಕೆಳಗಾಗಿ ಗಾಳಿ ಕಾಲಿಗೆ ಹರಿದರೆ ಪಾದ ಮೊದಲಾಗಿ ಮೇಲಕ್ಕೆ ಹಾರುತ್ತೀರಿ. ಆಗ ಮೊಣಕಾಲು ಎದೆಗೆ ಮಡಚಿ ಉರುಳಿ ನೇರವಾಗಬೇಕು, ತಕ್ಷಣ ಗಾಳಿ ಹೊರಬಿಡಬೇಕು. ಎದೆಯ ವಾಲ್ವ್ ಒತ್ತಿಕೊಂಡೇ ಉಳಿದರೆ ಮೊದಲು ಅದಕ್ಕೆ ಗಾಳಿ ತರುವ ಪೈಪ್ ಕಳಚಬೇಕು. ಉಸಿರಾಟ, ಕಿವಿಯ ಒತ್ತಡ, ತೇಲು-ಮುಳುಗನ್ನು ಹಿಡಿತದಲ್ಲಿಡುವ ಜಾಕೆಟ್ಟಿನ ಗಾಳಿ, ಇವನ್ನೇ ಇನ್ನೂ ಸಂಭಾಳಿಸಲು ಕಲಿಯುತ್ತಿರುವವರ ಮೇಲೆ ಈ ಎರಡನೇ ಗಾಳಿಚೀಲದ ಹೊರೆ ಹೊರಿಸುವುದು ಸರಿಯಲ್ಲ. ಬಾವಿಯಲ್ಲಿ ಈಜು ಕಲಿತವರಿಗೆ ಉಸಿರು ಬಿಗಿಹಿಡಿಯುವ ಅಭ್ಯಾಸವೂ ಇರುತ್ತದೆ. ಸಿಲಿಂಡರ್ ಗಾಳಿ ಉಸಿರಾಡುತ್ತಾ ಏರುವಾಗ ಉಸಿರು ಹಿಡಿದರೆ ಪುಪ್ಪುಸ ಹರಿಯಬಹುದು. ಮೊದಲು ಆ ಅಭ್ಯಾಸ ಬಿಡಿಸಿಕೊಳ್ಳಬೇಕು.

ತೂಕದಲ್ಲೂ ಅಂತರವಿದೆ. 70 ಕಿಲೋ ಆಸುಪಾಸಿನವರಿಗೆ ಸಮುದ್ರದಲ್ಲಿ 3 ಮಿಲಿಮೀಟರ್ ವೆಟ್‌ಸೂಟಿನೊಂದಿಗೆ ಮುಳುಗಲು ಸುಮಾರು 3ರಿಂದ 5 ಕಿಲೋ ಸೀಸದ ತೂಕ ಬೇಕಾಗಬಹುದು. ಡ್ರೈಸೂಟ್ ಮತ್ತು ದಪ್ಪ ಒಳ ಉಡುಪಿಗೆ ಅದು 10 ಕಿಲೋ ದಾಟಬಹುದು. ನಿಖರ ತೂಕ ನೀರಿನಲ್ಲೇ ಗೊತ್ತಾಗಬೇಕು: ಜಾಕೆಟ್ ಗಾಳಿ ಪೂರ್ತಿ ಹೊರಬಿಟ್ಟು, ಸಾಮಾನ್ಯ ಉಸಿರು ಒಳಗಿಟ್ಟುಕೊಂಡಾಗ ನೀರು ಕಣ್ಣ ಮಟ್ಟಕ್ಕೆ ಬರಬೇಕು, ಉಸಿರು ಬಿಟ್ಟರೆ ಮುಳುಗಬೇಕು. ತುಂಬಿದ ಸಿಲಿಂಡರಿನಲ್ಲಿ ನೋಡಿದ್ದರೆ, ಗಾಳಿ ಖರ್ಚಾದಾಗ ಹಗುರಾಗುವುದಕ್ಕೆ ಇನ್ನೊಂದು 2 ಕಿಲೋ ಸೇರಿಸಿ.

ನಮ್ಮ ಸಮುದ್ರದಲ್ಲಿ ಡ್ರೈಸೂಟಿನ ಇನ್ನೊಂದು ಅಪಾಯ ನೀರೊಳಗಲ್ಲ, ದೋಣಿಯ ಮೇಲೆ. ಬಿಸಿಲಲ್ಲಿ ಝಿಪ್ ಎಳೆದುಕೊಂಡು ಸರದಿ ಕಾಯುತ್ತಾ ಕೂತರೆ ಬೆವರು ಆರಲು ದಾರಿಯೇ ಇಲ್ಲ. ತಲೆ ಸುತ್ತು, ವಾಂತಿ ಬರುವಷ್ಟು ಮೈ ಕಾಯುತ್ತದೆ. ಕುತ್ತಿಗೆಯ ಸೀಲ್ ತೀರಾ ಬಿಗಿಯಾಗಿದ್ದರೂ ರಕ್ತನಾಳ ಒತ್ತಿ ತಲೆ ಸುತ್ತುತ್ತದೆ.

ಓದಿಗೋ ಕೆಲಸಕ್ಕೋ ಜರ್ಮನಿ, ಸ್ವೀಡನ್ ಕಡೆ ಹೋಗಿ ಅಲ್ಲಿನ ಕೆರೆಗಳಲ್ಲಿ ಇಳಿಯುವವರು ಡ್ರೈಸೂಟ್ ಕಲಿಯಲೇಬೇಕು. ಆಳಕ್ಕೆ ಹೋದಂತೆ ವೆಟ್‌ಸೂಟಿನ ಗುಳ್ಳೆಗಳು ಕುಗ್ಗಿ ಸೂಟ್ ತೆಳುವಾಗುತ್ತದೆ, ಚಳಿ ಹೆಚ್ಚಿದಲ್ಲೇ ಕಾವು ಕಡಿಮೆಯಾಗುತ್ತದೆ. 15 ಡಿಗ್ರಿಗಿಂತ ಕೆಳಗೆ ಡ್ರೈಸೂಟ್ ಮೇಲು. ಐಸ್‌ಲ್ಯಾಂಡಿನ ಸಿಲ್‌ಫ್ರಾ ಎಂಬ ನೆಲದ ಬಿರುಕಿನಲ್ಲಿ ತುಂಬಿದ ನೀರು 2ರಿಂದ 4 ಡಿಗ್ರಿ. ಅಲ್ಲಿ ಬೇರೆ ಆಯ್ಕೆಯಿಲ್ಲ. ಆಗಲೂ ಮೊದಲು ಈಜುಕೊಳದಲ್ಲಿ ತರಬೇತುದಾರರ ಜೊತೆ ಕಲಿಯಿರಿ, ಖರೀದಿ ಆಮೇಲೆ. ಬೆಲೆ ವೆಟ್‌ಸೂಟಿನ ಹಲವು ಪಟ್ಟು.

ಊರಿಗೆ ತಂದ ಮೇಲಿನ ಜೋಪಾನದಲ್ಲೂ ವೆಟ್‌ಸೂಟ್ ಸುಲಭ. ಸಿಹಿನೀರಲ್ಲಿ ಜಾಲಿಸಿ, ಒಳಮೈ ಹೊರಮಾಡಿ ನೆರಳಲ್ಲಿ ಒಣಗಿಸಿ, ಅಗಲ ಹ್ಯಾಂಗರಿಗೆ ತೂಗುಹಾಕಿದರೆ ಆಯಿತು. ನಮ್ಮ ಬೋರಿನ ಸವಳು ನೀರು ಝಿಪ್ಪಿನ ಹಲ್ಲುಗಳಲ್ಲಿ ಬಿಳಿ ಪದರ ಕಟ್ಟುತ್ತದೆ, ಕೊನೆಯ ಜಾಲಿಕೆಗೆ ಫಿಲ್ಟರ್ ನೀರು ಬಳಸಿ. ಏಪ್ರಿಲ್-ಮೇ ಬಿಸಿಲಿನಲ್ಲಿ ಮಾಳಿಗೆಯ ಮೇಲೆ, ಪತ್ರಾಸ್ ಶೆಡ್ಡಿನಲ್ಲಿ, ಕಾರಿನ ಡಿಕ್ಕಿಯಲ್ಲಿ ಯಾವುದನ್ನೂ ಇಡಬೇಡಿ. ವೆಟ್‌ಸೂಟ್ ಗಡುಸಾಗಿ ಬಿರುಕು ಬಿಡುತ್ತದೆ, ಡ್ರೈಸೂಟಿನ ಲ್ಯಾಟೆಕ್ಸ್ ಸೀಲ್ ಅಂಟಂಟಾಗಿ ಹರಿಯುತ್ತದೆ. ಲ್ಯಾಟೆಕ್ಸಿಗೆ ಎಣ್ಣೆಯೂ ಶತ್ರು: ತಲೆಗೆ ಕೊಬ್ಬರಿ ಎಣ್ಣೆ ಹಚ್ಚಿದ ದಿನ ಕುತ್ತಿಗೆಯ ಸೀಲಿನಲ್ಲಿ ತಲೆ ತೂರಿಸಬೇಡಿ. ಜಾರಲು ಪರಿಮಳವಿಲ್ಲದ ಟಾಲ್ಕ್ ಪುಡಿ ಸವರಿ. ಹಿತ್ತಾಳೆಯ ಝಿಪ್ ಆದರೆ ಮುಚ್ಚಿದ ಮೇಲೆ ಹಲ್ಲಿನ ಹೊರಬದಿಗೆ ಜೇನುಮೇಣ ಉಜ್ಜಿ, ಎತ್ತಿಡುವಾಗ ಝಿಪ್ ಮಡಚದಂತೆ ಸಡಿಲವಾಗಿ ಸುತ್ತಿಡಿ.